ಲಾಂದ್ರ ಎಲ್ಲಿಟ್ಟ?

ಹನ್ನೊಂದು ಗಂಟೆಯ ಕಾರು ಪ್ರಯಾಣದಲ್ಲಿ ನಮ್ಮ ಮಾವನವರಿಗೆ ಒಂದು ಇಡೀ ಪುಸ್ತಕವನ್ನು ಕೇಳಿಸಿಯೇ ತೀರುತ್ತೇನೆ ಎಂದು ನಾನು ಘೋಷಿಸಿದಾಗ ನಮ್ಮ ಯಜಮಾನರು ಹಲ್ಲುಜ್ಜುತ್ತಿದ್ದರು. ಬಾಯಿ ತುಂಬ ನೊರೆಯಿದ್ದುದರಿಂದ ವಿರೋಧಿಸಲು ಆಗಲಿಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳಿಗೆ ಯಾವ ಘೋಷಣೆಯನ್ನು ಯಾವ ಹೊತ್ತಿನಲ್ಲಿ ಮಾಡಬೇಕೆಂಬುದು ಗೊತ್ತಿರುತ್ತದೆ.

ಬಾಯಿ ತೊಳೆದುಕೊಂಡು ಬಂದವರೇ ಹೇಳಿದರು: "ಅಪ್ಪ ಕೇಳಲ್ಲ."

"ಕೇಳ್ತಾರೆ."

"ನಾವು ಎರಡು ವರ್ಷದಿಂದ ಕೇಳ್ತಾನೇ ಇದೀವಿ, ಅವರು ಕೇಳ್ತಾನೇ ಇಲ್ಲ."

"ನೀವು ಕೇಳಿದ ರೀತಿ ಸರಿಯಿಲ್ಲ. ಕೇಳಿಸೋ ರೀತಿಯಲ್ಲಿ ಕೇಳಿಸಿದ್ರೆ ಕಲ್ಲೂ ಕಿವಿ ಕೊಡುತ್ತೆ."

"ಕಲ್ಲು ಬೇಕಾದ್ರೆ ಕೊಡ್ಲಿ. ನಮ್ಮಪ್ಪ ಕೊಡಲ್ಲ" ಎಂದು ಅವರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೋದರು.

ಮಾವನವರ ವಿಷಯ ಹೇಳಿಬಿಡುತ್ತೇನೆ. ಅವರು ನಲವತ್ತು ವರ್ಷ ಒಂದು ಛಾಪಖಾನೆಯಲ್ಲಿ ಪ್ರೂಫ್ ತಿದ್ದಿದವರು. ಜಗತ್ತನ್ನು ಅವರು ಎರಡು ಭಾಗ ಮಾಡಿದ್ದರು: ತಿದ್ದಿದ್ದು, ತಿದ್ದಬೇಕಾದದ್ದು. ಔಷಧಿ ಡಬ್ಬಿ, ವಿದ್ಯುತ್ ಬಿಲ್ಲು, ಪಕ್ಕದ ಮನೆಯವರ ಆಹ್ವಾನ ಪತ್ರಿಕೆ, ಯಾವುದನ್ನೂ ಬಿಟ್ಟವರಲ್ಲ. ನಾನು ಈ ಮನೆಗೆ ಬಂದ ಹೊಸದರಲ್ಲಿ ಫ್ರಿಜ್ಜಿನ ಬಾಗಿಲಿಗೆ "ಹಾಲು ತನ್ನಿ" ಎಂದು ಯಜಮಾನರಿಗೊಂದು ಚೀಟಿ ಅಂಟಿಸಿದ್ದೆ. ಸಂಜೆಯ ಹೊತ್ತಿಗೆ ಅದು ಕೆಂಪು ಮಸಿಯಲ್ಲಿ ತಿದ್ದಿಸಿಕೊಂಡು, "ಎಷ್ಟು ಲೀಟರ್? ಲೇಖಕಿ ಸ್ಪಷ್ಟಪಡಿಸಬೇಕು" ಎಂಬ ಟಿಪ್ಪಣಿಯೊಂದಿಗೆ ನಿಂತಿತ್ತು. ಮುಂದೆ ನಾನು ಪತ್ರಿಕೆಗಳಿಗೆ ಬರೆಯಲು ತೊಡಗಿದಾಗ ಕಾನ್ವೆಂಟಿನಲ್ಲಿ ಅಕ್ಷರ ಕಲಿತ ನನ್ನ ಒತ್ತುಗಳನ್ನೂ ದೀರ್ಘಗಳನ್ನೂ ದಾರಿಗೆ ತಂದವರು ಅವರೇ. ಅವರ ಕೆಂಪು ಪೆನ್ನಿಗೆ ಬೈಯದ ದಿನವಿರಲಿಲ್ಲ.

ಎರಡು ವರ್ಷದ ಹಿಂದೆ ಅವರ ಎರಡೂ ಕಣ್ಣುಗಳ ನಡುಭಾಗ ಮಸುಕಾಯಿತು. "ಸುತ್ತ ಇರೋದೆಲ್ಲ ಕಾಣುತ್ತೆ, ನೋಡಿದ್ದು ಮಾತ್ರ ಕಾಣಲ್ಲ" ಎಂದು ಅವರೇ ವೈದ್ಯರಿಗೆ ವಿವರಿಸಿದರು. ವೈದ್ಯರು ಇನ್ನೇನೂ ಮಾಡಲಾಗುವುದಿಲ್ಲ ಎಂದರು. ಆ ಸಂಜೆ ಮಾವನವರು ಮನೆಗೆ ಬಂದು ತಮ್ಮ ಕುರ್ಚಿಯನ್ನು ತಿರುಗಿಸಿ, ಪುಸ್ತಕದ ಕಪಾಟಿಗೆ ಬೆನ್ನು ಮಾಡಿ ಕುಳಿತರು. ಓದಿ ಹೇಳುತ್ತೇವೆಂದರೆ ಬೇಡ. ಫೋನಿನಲ್ಲಿ ಪುಸ್ತಕವನ್ನೇ ಓದಿ ಕೇಳಿಸುತ್ತಾರಂತೆ ಎಂದರೆ, "ಕೇಳೋದು ಓದೋದಲ್ಲ" ಎಂಬ ಒಂದೇ ಉತ್ತರ. ಮನೆಯಲ್ಲಿ ಚೀಟಿಗಳು ತಿದ್ದುವವರಿಲ್ಲದೆ ಬಿದ್ದಿರುತ್ತಿದ್ದವು. ಎರಡು ವರ್ಷದಿಂದ ನಾನು ತಪ್ಪೇ ಮಾಡದವಳಾಗಿಬಿಟ್ಟಿದ್ದೆ. ಆ ಸುಖ ನನಗೆ ಸ್ವಲ್ಪವೂ ಹಿಡಿಸಿರಲಿಲ್ಲ.

ಇಂಥ ಹೊತ್ತಿನಲ್ಲಿ ಸಮುದ್ರದ ಪಕ್ಕದ ಊರಿನಲ್ಲಿರುವ ನಾದಿನಿ ಅಪ್ಪನನ್ನು ಒಂದು ತಿಂಗಳ ಮಟ್ಟಿಗೆ ಕರೆತನ್ನಿ ಎಂದಳು. ಹನ್ನೊಂದು ಗಂಟೆಯ ದಾರಿ. ಕಾರಿನಲ್ಲಿ ಕುಳಿತವರು ಎದ್ದು ಹೋಗುವಂತಿಲ್ಲ, ಕುರ್ಚಿ ತಿರುಗಿಸುವಂತಿಲ್ಲ. ಹುಲಿ ತಾನಾಗಿ ಬೋನಿಗೆ ಬರುತ್ತಿದೆ ಎಂದು ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ಪುಸ್ತಕದ ಆಯ್ಕೆಗೆ ಹನ್ನೆರಡು ದಿನ ಹಿಡಿಯಿತು. ವರ ನೋಡುವಾಗಲೂ ನಮ್ಮಪ್ಪ ಇಷ್ಟು ದಿನ ತೆಗೆದುಕೊಂಡಿರಲಿಲ್ಲ. ಪ್ರತಿ ಪುಸ್ತಕದ ಮೊದಲ ಐದು ನಿಮಿಷವನ್ನು ಪುಕ್ಕಟೆಯಾಗಿ ಕೇಳಿಸುತ್ತಾರಲ್ಲ, ನಾನು ಒಲೆಯ ಪಕ್ಕ ಫೋನಿಟ್ಟುಕೊಂಡು ಮೂವತ್ತೇಳು ಪುಸ್ತಕಗಳ ಆರಂಭ ಕೇಳಿದೆ. ಮೂವತ್ತೇಳು ಕಥೆ ಶುರುವಾದವು, ಒಂದೂ ಮುಗಿಯಲಿಲ್ಲ. ಮುಗಿದದ್ದು ಪಾತ್ರೆಗಳ ತಳ ಮಾತ್ರ. ಒಂದು ಕಥೆಯ ನಾಯಕಿ ಕೆರೆಗೆ ಹಾರಿದಳೋ ಇಲ್ಲವೋ ಎಂದು ಕಾಯುವಾಗ ನಮ್ಮ ಅನ್ನ ಬೆಂಕಿಗೆ ಹಾರಿ ಪ್ರಾಣ ಬಿಟ್ಟಿತು.

ಸಲಹೆಗಳಿಗೆ ಬರವಿರಲಿಲ್ಲ. ನಮ್ಮ ಯಜಮಾನರು ಲಿಫ್ಟ್ ಇನ್ಸ್‌ಪೆಕ್ಟರ್. ಬದುಕಿನಲ್ಲಿ ಮೇಲೇರುವ ಬಗೆಯನ್ನು ಕುರಿತ ಪುಸ್ತಕವೊಂದನ್ನು ಸೂಚಿಸಿದರು.

"ಎಂಬತ್ತೊಂದರಲ್ಲಿ ನಿಮ್ಮಪ್ಪ ಇನ್ನು ಎಲ್ಲಿಗೆ ಮೇಲೇರಬೇಕು?" ಎಂದೆ.

ಅವರು ಆ ಸೂಚನೆಯನ್ನು ತಕ್ಷಣ ಹಿಂದಕ್ಕೆ ಪಡೆದರು. ನಾದಿನಿ ಫೋನಿನಲ್ಲಿ ಒಂದು ಪ್ರೇಮಕಥೆ ಹೇಳಿದಳು. "ಅತ್ತಿಗೆ, ಕೇಳಿ ನಾನು ಎರಡು ದಿನ ಅತ್ತಿದೀನಿ" ಎಂದಳು. ಅವಳು ಈರುಳ್ಳಿ ಹೆಚ್ಚುವವರನ್ನು ನೋಡಿದರೂ ಅಳುವವಳು. ಆದರೂ ಪಟ್ಟಿಗೆ ಸೇರಿಸಿಕೊಂಡೆ. ಕೊನೆಗೆ ನನ್ನ ಮೆಚ್ಚಿನ ಆಯ್ಕೆ ಒಂದು ಪತ್ತೇದಾರಿ ಕಾದಂಬರಿಯಾಯಿತು: ದೀಪಸ್ತಂಭದ ಕಾವಲುಗಾರ ಒಂದು ಬೆಳಗ್ಗೆ ಕಾಣೆಯಾಗುತ್ತಾನೆ, ಮಗಳು ಹುಡುಕುತ್ತಾಳೆ. ಒಟ್ಟು ಹತ್ತು ಗಂಟೆ ಇಪ್ಪತ್ತು ನಿಮಿಷ. ದಾರಿ ಹನ್ನೊಂದು ಗಂಟೆ. ನಲವತ್ತು ನಿಮಿಷ ಊಟಕ್ಕೆ. ದರ್ಜಿ ಅಳತೆ ತೆಗೆದು ಹೊಲಿದಂತಿತ್ತು. ಆಯ್ದ ಎರಡೂ ಪುಸ್ತಕಗಳ ಪಕ್ಕದ ಗುರುತನ್ನು ಒತ್ತಿ, ಅದು ಕೆಂಪಾದ ಮೇಲೆ, ಎಲ್ಲ ಫೋನಿಗೆ ಇಳಿಯಿತೆಂದು ನಿಟ್ಟುಸಿರು ಬಿಟ್ಟೆ.

ಬೆಳಗ್ಗೆ ಏಳಕ್ಕೆ ಹೊರಟೆವು. ಯಜಮಾನರು ಸ್ಟಿಯರಿಂಗಿನ ಮುಂದೆ, ಮಾವನವರು ಅವರ ಪಕ್ಕ, ನಾನು ಹಿಂದಿನ ಸೀಟಿನಲ್ಲಿ ಫೋನು, ನೀರು, ಬಿಸ್ಕತ್ತುಗಳ ಸಮೇತ. ಮೊದಲು ನಾದಿನಿಯ ಪ್ರೇಮಕಥೆಯನ್ನೇ ಹಾಕಿದೆ. ಊರು ಸೇರಿದ ಮೇಲೆ ಅವಳು ಕೇಳಿಯೇ ಕೇಳುತ್ತಾಳೆ. ಹದಿನೈದು ನಿಮಿಷ ನಾಯಕ ನಾಯಕಿ ಹವಾಮಾನದ ಬಗ್ಗೆ ಮಾತಾಡಿದರು. ಹದಿನಾರನೆಯ ನಿಮಿಷಕ್ಕೆ ಹವಾಮಾನ ಬಿಸಿಯಾಯಿತು. ಅವನು ಅವಳ ಕುತ್ತಿಗೆಯ ಹತ್ತಿರ ಬಂದ. ಮಾವನವರ ಮುಂದೆ, ಮುಚ್ಚಿದ ಕಾರಿನಲ್ಲಿ! ನಿಲ್ಲಿಸಲೆಂದು ಗಾಬರಿಯಲ್ಲಿ ಏನೋ ಒತ್ತಿದೆ. ಕಥೆ ನಿಲ್ಲಲಿಲ್ಲ, ಇಮ್ಮಡಿ ವೇಗದಲ್ಲಿ ಓಡತೊಡಗಿತು. ಕೀರಲು ದನಿಯಲ್ಲಿ, ಅಳಿಲುಗಳಂತೆ, ಅವರಿಬ್ಬರೂ ಪ್ರೀತಿಸಿ, ಮುನಿಸಿಕೊಂಡು, ಮದುವೆಯಾಗಿ, ಮೊದಲ ಮಗುವಿನವರೆಗೂ ಬಂದುಬಿಟ್ಟರು.

"ಈಗಿನವರಿಗೆ ಎಲ್ಲದರಲ್ಲೂ ಅವಸರ" ಎಂದರು ಮಾವ, ಕಿಟಕಿಯ ಕಡೆ ಮುಖ ಮಾಡಿ.

ಯಜಮಾನರ ಕುತ್ತಿಗೆ ಹಿಂದಿನಿಂದಲೂ ಕೆಂಪಾಗಿ ಕಾಣುತ್ತಿತ್ತು.

ದೀಪಸ್ತಂಭವನ್ನು ಹಾಕಿದೆ. ಓದುವವನ ಗಂಟಲು ಭರ್ಜರಿಯಾಗಿತ್ತು, ಬಾವಿಯೊಳಗಿಂದ ಬಂದಂತೆ. ಆದರೆ ದಾರಿ ತೋರಿಸುವ ಹೆಂಗಸು ಅದೇ ಸ್ಪೀಕರಿನಲ್ಲಿ ಬಾಡಿಗೆಗಿದ್ದಳು. "ಕಾವಲುಗಾರ ಕೊನೆಯ ಸಲ ಕಾಣಿಸಿದ್ದು" ಎಂದು ಇವನೆಂದರೆ, "ಮುನ್ನೂರು ಮೀಟರ್ ನಂತರ ಎಡಕ್ಕೆ ತಿರುಗಿ" ಎಂದು ಅವಳೆನ್ನುವಳು.

"ಹಾಗಾದ್ರೆ ಎಡಕ್ಕೆ ಹೋಗಿದಾನೆ" ಎಂದರು ಮಾವ. "ಇನ್ನು ಹುಡುಕೋದೇನಿದೆ?"

ವ್ಯಂಗ್ಯವಾದರೇನು, ಕೇಳುತ್ತಿದ್ದಾರಲ್ಲ! ನಾನು ಕನ್ನಡಿಯಲ್ಲಿ ಯಜಮಾನರಿಗೆ ಹುಬ್ಬು ಹಾರಿಸಿದೆ. ದಾರಿಯ ಹೆಂಗಸಿನ ಬಾಯಿ ಮುಚ್ಚಿಸಿದೆ. ಎರಡು ಗಂಟೆ ಮಾವ ತುಟಿಪಿಟಕ್ಕೆನ್ನಲಿಲ್ಲ. ಗೆದ್ದೆ ಎಂದುಕೊಂಡು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದೆ.

"ನಿಲ್ಸು" ಎಂದರು ಮಾವ.

ಯಜಮಾನರು ಬ್ರೇಕ್ ಹಾಕಿದರು. ಬಿಸ್ಕತ್ತು ಕಾರಿನ ನಾಲ್ಕೂ ಮೂಲೆಗೆ ಹಂಚಿಹೋಯಿತು.

"ಗಾಡಿ ಅಲ್ಲ ಕಣೋ, ಕಥೆ. ಲಾಂದ್ರ ಎಲ್ಲಿಟ್ಟ?"

"ಯಾವ ಲಾಂದ್ರ ಮಾವ?"

"ಮೆಟ್ಟಿಲು ಹತ್ತುವಾಗ ಪೇದೆಯ ಬಲಗೈಯಲ್ಲಿ ಲಾಂದ್ರ ಇತ್ತು. ಈಗ ಎರಡೂ ಕೈಯಿಂದ ಬಾಗಿಲು ತಳ್ದ ಅಂತಾನೆ. ಲಾಂದ್ರ ಎಲ್ಲಿಟ್ಟ? ಓದೋನು ಒಂದು ಸಾಲು ನುಂಗಿದಾನೆ."

"ಲೇಖಕರೇ ಮರೆತಿರಬಹುದಲ್ಲ ಅಪ್ಪ?" ಎಂದರು ಯಜಮಾನರು.

"ಮರೆಯೋ ಲೇಖಕ ಅಲ್ಲ ಇವನು. ಮೂರು ಅಧ್ಯಾಯದಿಂದ ನೋಡ್ತಿದೀನಿ, ಒಂದು ಗುಂಡಿ ಬಿಚ್ಚಿದ್ರೂ ಮತ್ತೆ ಹಾಕ್ಸಿದಾನೆ. ಸಾಲು ಬಿಟ್ಟಿದೆ. ಅದು ಸಿಗೋತನಕ ಮುಂದೆ ಬೇಡ."

"ಅಪ್ಪ, ಒಂದು ಸಾಲು ತಾನೇ."

"ಒಂದು ಸಾಲು ತಾನೇ ಅಂತ ನಲವತ್ತು ವರ್ಷ ಬಿಟ್ಟಿದ್ರೆ ನಿನ್ನ ಓದಿಸೋಕೆ ಆಗ್ತಿತ್ತೇನೋ?"

ಹೀಗೆ ಒಂದು ಲಾಂದ್ರಕ್ಕಾಗಿ, ಹೆದ್ದಾರಿ ಬಿಟ್ಟು, ಕಂಡು ಕೇಳರಿಯದ ಪೇಟೆಯೊಂದರ ಬಸ್ ನಿಲ್ದಾಣಕ್ಕೆ ಕಾರು ತಿರುಗಿಸಿದೆವು. ಅಲ್ಲಿನ ಪುಸ್ತಕದಂಗಡಿಯವನು ಏಣಿ ಹತ್ತಿ, ಧೂಳು ಕೊಡವಿ, ಸೀನಿ, ಆ ಕಾದಂಬರಿಯ ಒಂದು ಪ್ರತಿ ಇಳಿಸಿದ. ಕೊಂಡು, ಅಂಗಡಿಯ ಮುಂದೆಯೇ ಪುಟ ತಿರುವಿದೆ. ಐವತ್ತೊಂಬತ್ತನೆಯ ಪುಟ, ಕೆಳಗಿನಿಂದ ನಾಲ್ಕನೆಯ ಸಾಲು: "ಲಾಂದ್ರವನ್ನು ಮೆಟ್ಟಿಲ ಮೇಲಿಟ್ಟ."

ಕಾರಿಗೆ ಬಂದು ಓದಿ ಹೇಳಿದೆ. ಮಾವನವರು "ಹ್ಞಾ" ಎಂದರು. ಎರಡು ವರ್ಷದಲ್ಲಿ ನಾನು ಆ ಮುಖದಲ್ಲಿ ಕಾಣದಿದ್ದ ಏನೋ ಒಂದು ಬಂದು, ಬಂದಷ್ಟೇ ಬೇಗ ಹೋಯಿತು.

"ನೋಡ್ದ್ಯಾ? ಇಂಥವನ ಬಾಯಿಂದ ಹೇಗಮ್ಮ ಕೇಳೋದು? ಒಂದು ಸಿಕ್ತು. ಸಿಗದೆ ಹೋದವು ಎಷ್ಟೋ. ನಾನು ನೋಡೋಕಾಗಲ್ವಲ್ಲ."

ಬಾವಿಯ ದನಿಯವನನ್ನು ಮತ್ತೆ ಶುರು ಮಾಡಿದೆ. ಮಾವ ಕಿಟಕಿಗೆ ತಲೆ ಒರಗಿಸಿದರು. ಕೇಳುತ್ತಿದ್ದಾರೋ, ನಮಗಾಗಿ ಸಹಿಸುತ್ತಿದ್ದಾರೋ ತಿಳಿಯಲಿಲ್ಲ.

ಊಟ ಮುಗಿಸಿ ಹೊರಟ ಮೇಲೆ ಬೆಟ್ಟದ ಸಾಲು ಶುರುವಾಯಿತು. ಕಥೆಯಲ್ಲಿ ಮಗಳು ದೀಪಸ್ತಂಭದ ತುದಿಯ ಕೋಣೆ ತಲುಪಿ, ಹಲಗೆಯ ಹಿಂದಿನಿಂದ ಅಪ್ಪನ ಕೈಬರಹದ ಕಾಗದವೊಂದನ್ನು ಎಳೆದಳು. ಅದರಲ್ಲಿ ಬರೆದಿತ್ತು…

ಮೌನ.

ಫೋನಿನ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿತ್ತು. ತಿರುಗಿತು, ತಿರುಗಿತು, ಕಾರಿನ ಚಕ್ರಗಳಿಗಿಂತ ಹೆಚ್ಚು ತಿರುಗಿತು.

"ಸಿಗ್ನಲ್ ಇಲ್ಲ" ಎಂದರು ಯಜಮಾನರು. "ಆದ್ರೆ ಇಳಿಸ್ಕೊಂಡಿದೀಯಲ್ಲ?"

"ಇಳಿಸಿದೀನಿ. ಗುರುತು ಒತ್ತಿದೀನಲ್ಲ."

"ಯಾವ ಗುರುತು?"

"ಕೆಂಪಾಯ್ತಲ್ಲ, ಹೃದಯದ್ದು."

ಕನ್ನಡಿಯಲ್ಲಿ ಯಜಮಾನರ ಕಣ್ಣು ನನ್ನನ್ನು ಬಹಳ ಹೊತ್ತು ನೋಡಿತು. "ಅದು ಇಷ್ಟ ಆಯ್ತು ಅಂತ ಹೇಳೋ ಗುರುತು. ನೀನು ಪುಸ್ತಕ ಇಳಿಸಿಲ್ಲ ಕಣೇ. ಪ್ರೀತಿಸಿ ಬಿಟ್ಟು ಬಂದಿದೀಯ."

ಹನ್ನೆರಡು ದಿನದ ತಪಸ್ಸು, ಮೂರು ಸುಟ್ಟ ಪಾತ್ರೆ, ಎಲ್ಲವೂ ಬೆಟ್ಟದ ತಿರುವಿನಲ್ಲಿ ಹೋಯಿತು. ನಾನು ಫೋನನ್ನು ಬ್ಯಾಗಿನ ತಳಕ್ಕೆ ತುರುಕಿದೆ. ಇನ್ನು ಸುಮ್ಮನೆ ಕುಳಿತು ಹೋಗುವುದೇ ಎಂದುಕೊಳ್ಳುವಷ್ಟರಲ್ಲಿ ಮುಂದಿನ ಸೀಟಿನಿಂದ ಸಣ್ಣ ದನಿಯೊಂದು ಬಂತು.

"ಆಮೇಲೆ?"

ನಾನೂ ಯಜಮಾನರೂ ಒಟ್ಟಿಗೆ ಅವರ ಕಡೆ ನೋಡಿದೆವು.

"ಕಾಗದದಲ್ಲಿ ಏನಿತ್ತು?" ಎಂದರು ಮಾವ. "ಪುಸ್ತಕ ಕೊಂಡ್ಯಲ್ಲ. ತೆಗಿ."

ತೆಗೆದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಕಾನ್ವೆಂಟಿನಲ್ಲಿ ವಾಚನ ಸ್ಪರ್ಧೆಯ ಬೆಳ್ಳಿ ಬಟ್ಟಲನ್ನು ನಾನು ಮೂರು ವರ್ಷ ಸತತವಾಗಿ ಗೆದ್ದವಳು. ಸಿಸ್ಟರ್ ಒಬ್ಬರು ನನ್ನ ದನಿಗೆ ಕಣ್ಣೀರು ಹಾಕಿದ್ದುಂಟು. ಆ ಕಲೆಯೆಲ್ಲ ಮೂವತ್ತೈದು ವರ್ಷ ಕಾದು ಕುಳಿತಿದ್ದು ಈ ಗಳಿಗೆಗೇ ಎನ್ನಿಸಿತು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಮಗಳ ದನಿಗೆ ನಡುಕ ತಂದೆ, ಪೇದೆಗೆ ಗೊಗ್ಗರು ಗಂಟಲು ಕೊಟ್ಟೆ, ಸಮುದ್ರದ ಗಾಳಿಗೆ "ಹೂ" ಎಂದು ಬಾಯಿಂದಲೇ ಬೀಸಿದೆ.

"ಗಾಳಿ ನೀನು ಬೀಸ್ಬೇಡಮ್ಮ" ಎಂದರು ಮಾವ. "ಬರೆದೋನು ಬೀಸಿದಾನೆ."

ಅಭಿನಯ ಕಡಿಮೆ ಮಾಡಿದೆ. ಅರ್ಧ ಪುಟವಾಗಿತ್ತು.

"ಕಾಮಾ ಎಲ್ಲಿ?"

"ಇದೆಯಲ್ಲ ಮಾವ, ಇಲ್ಲೇ ಇದೆ."

"ನಿನಗಿದೆ. ನನಗೆಲ್ಲಿ? ಹೇಳು ಮತ್ತೆ. ನಿಮ್ಮತ್ತೆ ಹೇಳ್ತಿದ್ದಳು."

ನಮ್ಮತ್ತೆ ತೀರಿಕೊಂಡು ನಾಲ್ಕು ವರ್ಷ. ಅವರೂ ಅದೇ ಛಾಪಖಾನೆಯಲ್ಲಿ ಕೆಲಸಕ್ಕಿದ್ದರೆಂದು ಗೊತ್ತಿತ್ತು. ಏನು ಕೆಲಸವೆಂದು ನಾನು ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಎಲ್ಲವನ್ನೂ ಕೇಳುತ್ತಾರೆ, ಕೇಳಬೇಕಾದದ್ದನ್ನು ಬಿಟ್ಟು. ಮಾವ ಆವತ್ತು ಹೇಳಿದರು, ರಸ್ತೆಯ ಕಡೆ ಮುಖ ಮಾಡಿಕೊಂಡು. ಪ್ರೂಫ್ ತಿದ್ದುವ ಮೇಜಿಗೆ ಇಬ್ಬರು. ಒಬ್ಬರ ಮುಂದೆ ಅಚ್ಚಾದ ಹಾಳೆ, ಇನ್ನೊಬ್ಬರ ಮುಂದೆ ಲೇಖಕರ ಕೈಬರಹ. ಕೈಬರಹದವರು ಗಟ್ಟಿಯಾಗಿ ಓದಬೇಕು. ಪದಗಳನ್ನಷ್ಟೇ ಅಲ್ಲ, ಹಾಳೆಯ ಮೇಲಿರುವ ಪ್ರತಿ ಗುರುತನ್ನೂ. ಕಾಮಾ ಬಂದರೆ ಕಾಮಾ. ಪೂರ್ಣವಿರಾಮಕ್ಕೆ ಸ್ಟಾಪ್. ಹೊಸ ಪ್ಯಾರಾ ಬಂದರೆ ಪ್ಯಾರಾ. ಮಾತು ಶುರುವಾದರೆ ಕೋಟ್, ಮುಗಿದರೆ ಮುಚ್ಚು. ಅಚ್ಚಿನ ಹಾಳೆಯವನು ಕಿವಿಯಲ್ಲಿ ಕೇಳುತ್ತ ಕಣ್ಣಲ್ಲಿ ಓದುತ್ತ ತಿದ್ದುತ್ತಾ ಹೋಗಬೇಕು. ಕೈಬರಹ ಓದುವ ಕೆಲಸಕ್ಕೆ ಕಾಪಿ ಹಿಡಿಯೋದು ಎಂದು ಹೆಸರು. ನಮ್ಮತ್ತೆ ಮೂವತ್ತೊಂದು ವರ್ಷ ಅವರ ಎದುರು ಕುಳಿತು ಕಾಪಿ ಹಿಡಿದಿದ್ದರು.

"ಒಂದು ರಾಗ ಇಲ್ಲ, ಏರಿಳಿತ ಇಲ್ಲ. ಬರೀ ಹಾಳೆಯಲ್ಲಿ ಇರೋದು" ಎಂದರು ಮಾವ. "ಅವಳು ಓದಿದ್ರೆ ಪುಟ ಕಣ್ಣ ಮುಂದೆ ನಿಲ್ತಿತ್ತು. ಈ ಫೋನಿನೋನು ಓದಿದ್ರೆ ಬರೀ ಗಂಟಲು ಕಾಣುತ್ತೆ."

ಯಜಮಾನರು, ತಿರುವಿನಲ್ಲಿ ಗೇರ್ ಬದಲಿಸುತ್ತ, "ನನ್ನ ಹಾಸ್ಟೆಲ್ ಕಾಗದಾನೂ ಅಮ್ಮ ಹಾಗೇ ಓದ್ತಿದ್ದಳಂತೆ" ಎಂದರು. "ಅಮ್ಮ ಕಾಮಾ ಊಟ ಚೆನ್ನಾಗಿಲ್ಲ ಸ್ಟಾಪ್."

"ಚೆನ್ನಾಗಿಲ್ಲ ಅನ್ನೋದಕ್ಕೆ ನೀನು ಒತ್ತೇ ಹಾಕಿರಲಿಲ್ಲ" ಎಂದರು ಮಾವ. "ತಿದ್ದಿ ವಾಪಸ್ ಕಳಿಸಿದ್ದೆ."

"ಸಿಕ್ಕಿತ್ತು. ಊಟ ಮಾತ್ರ ಹಾಗೇ ಇತ್ತು."

ನಾನು ಬೆಳ್ಳಿ ಬಟ್ಟಲನ್ನು ಮನಸ್ಸಿನಲ್ಲೇ ಕಪಾಟಿಗೆ ಸೇರಿಸಿ, ಪುಟವನ್ನು ಮೊದಲಿನಿಂದ ಹಿಡಿದೆ.

"ಅವಳು ಕಾಗದ ಬಿಡಿಸಿದಳು ಸ್ಟಾಪ್ ಕೋಟ್ ಮಗಳೇ ಕಾಮಾ ನಾನು ಹೋಗಿದ್ದು ನಿನ್ನಿಂದ ದೂರ ಅಲ್ಲ ಸ್ಟಾಪ್ ಮುಚ್ಚು ಪ್ಯಾರಾ."

ಮೊದಮೊದಲು ಗುರುತಿಗೊಮ್ಮೆ ಎಡವಿದೆ. ಹತ್ತು ಪುಟವಾಗುವಷ್ಟರಲ್ಲಿ ನಾಲಿಗೆ ಹಾದಿಗೆ ಬಿತ್ತು. ಮಾವ ಕಿಟಕಿ ಬಿಟ್ಟು ನೆಟ್ಟಗೆ ಕುಳಿತಿದ್ದರು. ಕಣ್ಣು ಮುಚ್ಚಿತ್ತು. ಬಲಗೈಯ ತೋರುಬೆರಳು ಮಂಡಿಯ ಮೇಲೆ ಎಡದಿಂದ ಬಲಕ್ಕೆ ಸರಿಯುತ್ತಿತ್ತು. ಸಾಲು ಮುಗಿದರೆ ಕೆಳಗಿಳಿದು ಮತ್ತೆ ಎಡಕ್ಕೆ ಬರುತ್ತಿತ್ತು. ಕಥೆಯ ಭರದಲ್ಲಿ ನಾನೊಂದು ಕಾಮಾ ಹಾರಿಸಿದರೆ ಬೆರಳು ನಿಲ್ಲುತ್ತಿತ್ತು. ಹಿಂದಕ್ಕೆ ಹೋಗಿ ಹೇಳಿದರೆ ಮುಂದುವರಿಯುತ್ತಿತ್ತು.

ಬೆಟ್ಟದ ದಾರಿಯಲ್ಲಿ ಪುಸ್ತಕ ಓದಿದರೆ ಏನಾಗುತ್ತದೆಂದು ಬಲ್ಲವರೇ ಬಲ್ಲರು. ನೂರ ತೊಂಬತ್ತನೆಯ ಪುಟಕ್ಕೆ ಹೊಟ್ಟೆ ಗಂಟಲಿಗೆ ಬಂತು.

"ರೀ, ಗಾಡಿ ನಿಲ್ಸಿ. ವಾಂತಿ."

"ಪ್ಯಾರಾ ಮುಗಿಸಿ ಮಾಡಮ್ಮ" ಎಂದರು ಮಾವ, ಬಹಳ ಅಕ್ಕರೆಯಿಂದ. "ನಡುವೆ ಬಿಟ್ರೆ ಸಾಲು ತಪ್ಪುತ್ತೆ."

ಮುಗಿಸಿಯೇ ಮಾಡಿದೆ. ಹಾಗೆ ಮೂರು ಸಲ. ಮೂರನೆಯ ಸಲ ಯಜಮಾನರು ನನ್ನ ಬೆನ್ನು ಸವರಿ, ನೀರು ಕೊಟ್ಟು, "ಕೊಡು, ನಾನು ಸ್ವಲ್ಪ ಓದ್ತೀನಿ, ನೀನು ಓಡಿಸು" ಎಂದರು. ಎರಡು ಪುಟ ಓದಿದರು. ಮಾವನ ಬೆರಳು ನಾಲ್ಕು ಸಲ ನಿಂತಿತು. "ನೀನು ಗಾಡಿ ಓಡಿಸೋದೇ ವಾಸಿ" ಎಂಬ ತೀರ್ಪು ಬಂತು. ನನಗೆ ಮತ್ತೆ ಪುಸ್ತಕ ಸಿಕ್ಕಿತು. ವಾಂತಿಯ ನಡುವೆಯೂ ಹೆಮ್ಮೆಯಾಯಿತು.

ಆರು ಗಂಟೆಗೆ ತಲುಪಬೇಕಾದವರು ಏಳೂವರೆಗೆ ನಾದಿನಿಯ ಗೇಟಿನ ಮುಂದೆ ನಿಂತೆವು. ಅವಳು ಓಡಿಬಂದು ಬಾಗಿಲು ತೆಗೆದು "ಅಪ್ಪಾ" ಎಂದಳು.

"ಶ್" ಎಂದರು ಮಾವ. "ಇನ್ನೆಷ್ಟು ಪುಟ?"

"ಹದಿನೇಳು" ಎಂದೆ.

"ಒಳಗಿನ ದೀಪ ಹಾಕೋ."

ಯಜಮಾನರು ಕಾರಿನ ದೀಪ ಹಾಕಿದರು. ನಾದಿನಿ ನಮ್ಮ ಮೂವರ ಮುಖವನ್ನೂ ನೋಡಿ, ಏನೂ ಅರ್ಥವಾಗದೆ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಬಂದು ಕುಳಿತಳು. ಗೇಟಿನ ಮುಂದೆ, ನಿಂತ ಕಾರಿನಲ್ಲಿ, ನಾಲ್ಕು ಜನ. ಕಾವಲುಗಾರ ಸಿಕ್ಕಿದ. ಮಗಳು ದೀಪ ಹಚ್ಚಿದಳು ಸ್ಟಾಪ್. ನಾದಿನಿ ಕಥೆಯ ತಲೆಬುಡ ತಿಳಿಯದಿದ್ದರೂ, "ಸ್ಟಾಪ್" ಎಂಬ ಮೊದಲ ಮಾತಿನಿಂದಲೇ ಅಳುತ್ತಿದ್ದಳು. ಅವಳಿಗೆ ಅದು ಯಾರ ಧಾಟಿಯೆಂದು ನನಗಿಂತ ಮೊದಲೇ ಗೊತ್ತಿತ್ತು.

ಪುಸ್ತಕ ಮುಚ್ಚಿದೆ. ಗಂಟಲು ಹರಿದಿತ್ತು, ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಆದರೆ ಘೋಷಿಸಿದ್ದನ್ನು ಸಾಧಿಸಿದ್ದೆ. ಎರಡು ವರ್ಷದ ಮೇಲೆ ಮಾವನವರಿಗೆ ಪುಸ್ತಕ ಕೇಳಿಸಿದವಳು ನಾನು. ಪ್ರಶಂಸೆಯನ್ನು ಸ್ವೀಕರಿಸಲು ಕೂದಲು ಸರಿಮಾಡಿಕೊಂಡು ಕಾರಿನಿಂದ ಇಳಿದೆ.

ಮಾವ ಮಗಳ ತೋಳು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು.

"ದಾರಿಯಲ್ಲಿ ಬೇಜಾರಾಯ್ತಾ ಅಪ್ಪ?"

"ಬೇಜಾರೇನು? ಒಂದು ಪುಸ್ತಕ ಓದಿದೆ."

"ಅತ್ತಿಗೆ ಓದಿದ್ರಾ?"

"ಓದಿದ್ದು ನಾನು ಕಣೇ" ಎಂದರು ಮಾವ. "ಇವಳು ಕಾಪಿ ಹಿಡಿದಳು."

ನಾನು ಸೂಟ್‌ಕೇಸ್ ಹಿಡಿದುಕೊಂಡು ಕೆಳಗಿನ ಮೆಟ್ಟಿಲಲ್ಲೇ ನಿಂತೆ. ಅವರು ನನ್ನ ಕಡೆ ತಿರುಗಿದರು. ನೋಡಿದ್ದು ಕಾಣುವುದಿಲ್ಲವಾದ್ದರಿಂದ ನನ್ನ ಪಕ್ಕದ ಹೂಕುಂಡವನ್ನು ನೋಡುತ್ತ ಹೇಳಿದರು:

"ಪರವಾಗಿಲ್ಲ. ಕೈ ಕೂತಿದೆ. ಇನ್ನೊಂದು ಮೂವತ್ತು ವರ್ಷ ಹಿಡಿದ್ರೆ ನಿಮ್ಮತ್ತೆ ಹತ್ತಿರಕ್ಕೆ ಬರ್ತೀಯ."